ಹೆಪ್ಪುಗಟ್ಟಿದ ಕೆರೆಯ ಮೇಲೆ ರಾಗಿ ಮುದ್ದೆ

ಕಡಲಾಚೆಯ ಪಿಸ್ಕಾಟವೇ ಊರಿನಲ್ಲಿ ನೆಲೆಸಿದ್ದ ಮೈಸೂರಿನ ಅನೀಸ್ ಮೂರು ಚಳಿಗಾಲದಿಂದ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಕೂತು ಮೀನು ಹಿಡಿಯುತ್ತಿದ್ದ. ಹಿಡಿಯುತ್ತಿದ್ದ ಎಂಬ ಮಾತಿಗೆ ಅವನಿಗೇ ನಗು ಬರುತ್ತಿತ್ತು. ಒಂದು ಮೀನೂ ಸಿಕ್ಕಿರಲಿಲ್ಲ. ಸಿಕ್ಕಿದ್ದೆಂದರೆ ನೆಗಡಿ, ಮತ್ತೆ ಆಫೀಸಿನಲ್ಲಿ ಒಂದಿಷ್ಟು ಹೆಸರು. ಟೆಲಿಕಾಂ ಕಂಪನಿಯ ಊಟದ ಮೇಜಿನಲ್ಲಿ ಅವನು ಮಂಜುಗಡ್ಡೆಯ ದಪ್ಪ, ಗಾಳಿಯ ದಿಕ್ಕು, ನೀರಿನ ಆಳ ಎಂದು ಭಾಷಣ ಮಾಡಿದರೆ ಕೇಳುವವರು ಇವನ ಫ್ರೀಜರಿನಲ್ಲಿ ಜಾಗವೇ ಇಲ್ಲವೆಂದುಕೊಳ್ಳಬೇಕು. ಫ್ರೀಜರಿನಲ್ಲಿ ಇದ್ದದ್ದು ಪರೋಟ ಮತ್ತು ಬಟಾಣಿ.

ಅವನ ಸೋಲಿಗೆ ಕಾರಣ ರಾಗಿ. ಚಿಕ್ಕವನಿದ್ದಾಗ ಮೈಸೂರಿನ ಹೊರಗಿನ ಕೆರೆಯಲ್ಲಿ ಚಿಕ್ಕಪ್ಪ ಗಾಳಕ್ಕೆ ರಾಗಿ ಮುದ್ದೆ ಚುಚ್ಚಿ ಗೆಂಡೆ ಮೀನು ಎಳೆದದ್ದನ್ನು ನೋಡಿದ್ದ. ಪ್ರಪಂಚದ ಮೀನಿಗೆಲ್ಲ ರಾಗಿ ಇಷ್ಟ ಎಂದು ಅಂದೇ ತೀರ್ಮಾನವಾಯಿತು. ಹೋಪಾಟ್ಕಾಂಗ್ ಕೆರೆಯಲ್ಲಿ ಅಕ್ಕಪಕ್ಕದವರು ಪರ್ಚ್, ಪಿಕರೆಲ್ ಎಂಬ ಮೀನುಗಳಿಗಾಗಿ ಬಕೆಟ್ಟಿನಲ್ಲಿ ಜೀವಂತ ಮರಿಮೀನು ತರುತ್ತಿದ್ದರು. ಅನೀಸ್ ಟಿಫಿನ್ ಡಬ್ಬಿಯಲ್ಲಿ ಮುದ್ದೆ ತರುತ್ತಿದ್ದ. ಅದು ಚಳಿಗೆ ಕಲ್ಲಾಗದಿರಲೆಂದು ಜಾಕೆಟ್ಟಿನೊಳಗೆ, ಎದೆಗೆ ಒತ್ತಿಕೊಂಡು ಕೂರುತ್ತಿದ್ದ. ತನ್ನ ಮಕ್ಕಳನ್ನೂ ಇಷ್ಟು ಬೆಚ್ಚಗೆ ಇಟ್ಟುಕೊಂಡವನಲ್ಲ.

ಅವನ ಜೊತೆಗೆ ಯಾವಾಗಲೂ ಬರುತ್ತಿದ್ದವರು ಮಾರಿಸ್‌ಟೌನಿನ ಅಮರೇಶ್ವರ. ರಾಯಚೂರಿನ ಕಡೆಯವರು, ನಿವೃತ್ತರು, ಹೆಂಡತಿಯನ್ನು ಕಳೆದುಕೊಂಡು ಮೂರು ವರ್ಷವಾಗಿತ್ತು. ಜೊತೆಗೆ ಅಪ್ಪಟ ಲಿಂಗಾಯತರು. ಮೀನು ತಿನ್ನುವುದಿರಲಿ, ಮುಟ್ಟಿದವರೂ ಅಲ್ಲ. ಹಾಗಿದ್ದರೂ, ತಾನು ನಮಾಜಿಗೆ ನಿಂತಾಗ ಕೋಲು ಹಿಡಿಯಲೆಂದು, ಅನೀಸ್ ಅವರ ಹೆಸರಿನಲ್ಲಿ ಮೀನು ಹಿಡಿಯುವ ಲೈಸೆನ್ಸ್ ಮಾಡಿಸಿದ್ದ. ಅವರು ಶೇಂಗಾ ಚಟ್ನಿ, ಜೋಳದ ರೊಟ್ಟಿ ಕಟ್ಟಿಕೊಂಡು ಬಂದು ಮಡಚುವ ಕುರ್ಚಿಯಲ್ಲಿ ಕೂತು, ಗಾಳ ಅಲುಗಾಡದೆ ಸಂಜೆಯಾದರೆ ಸಮಾಧಾನದ ಮುಖ ಮಾಡುತ್ತಿದ್ದರು. ಪಾಪ, ಒಂಟಿ ಮನುಷ್ಯ, ನಾನು ಕರೆದೊಯ್ದು ಉಪಕಾರ ಮಾಡುತ್ತಿದ್ದೇನೆ ಎಂದು ಅನೀಸ್ ಒಳಗೊಳಗೇ ಬೀಗುತ್ತಿದ್ದ.

ಈ ವರ್ಷ ಹೆಂಡತಿ ಆರಿಫಾಳ ತಾಳ್ಮೆ ಕೆಟ್ಟಿತು. ಜಾರುಬಂಡಿ, ಡೇರೆ, ಹೀಟರು, ಮಂಜುಗಡ್ಡೆ ಕೊರೆಯುವ ಬೈರಿಗೆ ಎಲ್ಲ ಗ್ಯಾರೇಜಿನೊಳಗೆ ಹಾಯಾಗಿ ಮಲಗಿದ್ದವು. ಅವಳ ಕಾರು ಹೊರಗೆ ಹಿಮ ಹೊದ್ದು ನಿಂತಿತ್ತು. ಒಂದು ಬೆಳಿಗ್ಗೆ ಅದರ ಗಾಜು ಕೆರೆಯುತ್ತಾ ಅವಳು ಹೇಳಿದಳು.

"ರೀ, ಈ ಸೀಸನ್ ಮುಗಿಯೋದ್ರೊಳಗೆ ಒಂದು ಮೀನು ಮನೆಗೆ ಬರ್ಬೇಕು. ಪಟೇಲ್ ಅಂಗಡಿದಲ್ಲ, ಕೆರೆದು. ಬರ್ಲಿಲ್ಲ ಅಂದ್ರೆ ಎಲ್ಲಾ ಆನ್‌ಲೈನಲ್ಲಿ ಹಾಕಿ ಮಾರಿಬಿಡ್ತೀನಿ. ಫೋಟೋ ಆಗ್ಲೇ ತೆಗೆದಿಟ್ಟಿದೀನಿ."

ಸೋಮವಾರದಿಂದ ಬಿಸಿಲೇರುತ್ತದೆ, ಮಂಜುಗಡ್ಡೆ ಕರಗುತ್ತದೆ ಎಂದು ಹವಾಮಾನದವರು ಹೇಳಿದ್ದರು. ಉಳಿದದ್ದು ಒಂದೇ ಶನಿವಾರ. ದಾರಿಯಲ್ಲಿ ಅನೀಸ್ ಈ ಕಥೆಯನ್ನೆಲ್ಲ ತಮಾಷೆ ಮಾಡಿ ಹೇಳಿದ. ಅಮರೇಶ್ವರ ನಗಲಿಲ್ಲ. ಮೊಣಕಾಲ ಮೇಲೆ ರೊಟ್ಟಿಯ ಗಂಟು ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು.

ಕೆರೆಯ ಮೇಲೆ ಅಂದು ನಾಲ್ಕಾರು ಜನ ಮಾತ್ರ ಇದ್ದರು. ಅನೀಸ್ ತೂತು ಕೊರೆದ, ಮುದ್ದೆ ಚುಚ್ಚಿದ, ಗಾಳವನ್ನು ಕೆರೆಯ ತಳಕ್ಕೆ ಇಳಿಬಿಟ್ಟ. ಮಧ್ಯಾಹ್ನದವರೆಗೆ ಏನೂ ಆಗಲಿಲ್ಲ. ಜುಹರ್ ನಮಾಜಿನ ಹೊತ್ತಾಯಿತು. ಥರ್ಮಾಸಿನ ಬಿಸಿನೀರಿನಲ್ಲಿ ಮುಖ ಕೈಕಾಲು ತೊಳೆದು ವುಜೂ ಮಾಡಿ, ಗಾಳದ ಕೋಲನ್ನು ಎಂದಿನಂತೆ ಅಮರೇಶ್ವರರ ಕೈಗೆ ಕೊಟ್ಟು, ಮಂಜಿನ ಮೇಲೆ ಜಾನಮಾಜ್ ಹಾಸಿ ನಿಂತ.

ನಮಾಜಿನ ಎರಡನೇ ಸುತ್ತಿನಲ್ಲಿ, ಎರಡನೇ ರಕಾತಿನಲ್ಲಿ, ಕೋಲು ಬಾಗಿತು.

ಅನೀಸನ ಕಣ್ಣು ನೆಲದ ಮೇಲೇ ಇರಬೇಕಾಗಿತ್ತು. ಒಂದು ಕಣ್ಣು ಇತ್ತು ಕೂಡ. ಇನ್ನೊಂದರ ಮೂಲೆಯಲ್ಲಿ ಅಮರೇಶ್ವರ ಕುರ್ಚಿಯಿಂದ ಎದ್ದು ನಿಂತದ್ದು ಕಂಡಿತು. ಮೂರು ವರ್ಷ ಕಾದ ಗಳಿಗೆ, ಅದೂ ಈಗ, ಅದೂ ಬದನೆಕಾಯಿಯನ್ನು ಕೂಡ ಮರುಕದಿಂದ ಹೆಚ್ಚುವ ಮನುಷ್ಯನ ಕೈಯಲ್ಲಿ. ನಮಾಜ್ ಮುರಿದು ಓಡಲೇ ಎಂದು ಸೈತಾನ ಕೇಳಿದ. ಕೇಳಿದ್ದು ಸೈತಾನನಲ್ಲ, ತಾನೇ ಎಂದು ಅನೀಸನಿಗೆ ಗೊತ್ತಿತ್ತು. ಅವರು ಬಿಟ್ಟುಬಿಡುತ್ತಾರೆ, ಬಿಡಲೇಬೇಕು, ಅವರ ಜಾಗದಲ್ಲಿ ಯಾರಾದರೂ ಬಿಡುತ್ತಾರೆ ಎಂದುಕೊಳ್ಳುತ್ತಾ ಸಜ್ದಾಕ್ಕೆ ಹೋದ. ಹಣೆ ನೆಲಕ್ಕೆ ತಾಗಿದಾಗ ಮಂಜುಗಡ್ಡೆಯ ಮೇಲೆ ಏನೋ ಪಟಪಟನೆ ಬಡಿಯುವ ಸದ್ದು ಕೇಳಿತು. ಅದರ ಹಿಂದೆಯೇ ಅಮರೇಶ್ವರರ ದನಿ.

"ಹಿಡಕೊಂಡೀನ್ರಿ ಸಾಹೇಬ್ರ. ನಮಾಜ್ ಸಾವಕಾಶ ಮುಗಸ್ರಿ. ಅವಸರ ಮಾಡಬ್ಯಾಡ್ರಿ."

ಆ ನಮಾಜ್ ಸ್ವೀಕಾರವಾಯಿತೋ ಇಲ್ಲವೋ ಮೇಲಿನವನಿಗೇ ಗೊತ್ತು. ಸಲಾಮ್ ಮುಗಿಸಿ ತಿರುಗಿದಾಗ ಅಮರೇಶ್ವರ ಮಂಡಿಯೂರಿ ಕೂತಿದ್ದರು. ಬರಿಗೈಯಲ್ಲಿ ಮೊಳಕೈಯುದ್ದದ ಮೀನನ್ನು ಅವುಚಿಕೊಂಡಿದ್ದರು. ವೈಟ್ ಸಕರ್ ಎಂಬ ಜಾತಿ. ಬಾಯಿ ಕೆಳಕ್ಕೆ ತಿರುಗಿರುತ್ತದೆ, ಮಾಂಸದ ತುಂಬ ಮುಳ್ಳು. ಇಲ್ಲಿಯವರು ಕೈಗೆ ಸಿಕ್ಕರೂ ಮನೆಗೆ ಒಯ್ಯುವುದಿಲ್ಲ. ಅಮರೇಶ್ವರರ ಕಣ್ಣು ಮುಚ್ಚಿತ್ತು, ತುಟಿ ಏನೋ ಜಪಿಸುತ್ತಿತ್ತು.

ಅನೀಸ್ ಅವರ ಪಕ್ಕಕ್ಕೆ ಓಡಿ ಬಂದ. "ಅಣ್ಣಾ, ಬಿಟ್ಬಿಡಿ. ನಿಮಗ್ಯಾಕೆ ಈ ಹಿಂಸೆ? ಪರವಾಗಿಲ್ಲ, ಬಿಡಿ ನೀರಿಗೆ."

ಅಮರೇಶ್ವರ ಕಣ್ಣು ತೆರೆದರು, ಕೈ ಸಡಿಲಿಸಲಿಲ್ಲ. "ಬಿಟ್ರ ಆರಿಫಾ ತಂಗಿ ಸಾಮಾನೆಲ್ಲಾ ಮಾರತಾಳ. ಮುಂದಿನ ಚಳಿಗಾಲದಾಗ ಶನಿವಾರ ಬಂತಂದ್ರ ನಾ ಎಲ್ಲಿಗಿ ಹೋಗಲ್ರಿ?"

ಉಪಕಾರ ಮಾಡುತ್ತಿದ್ದೇನೆಂದು ಬೀಗಿದ ಅಷ್ಟೂ ಶನಿವಾರಗಳು ನೆನಪಾಗಿ ಅನೀಸನಿಗೆ ನಾಚಿಕೆಯಾಯಿತು. ಅವರ ಕೈಯಿಂದ ಮೀನನ್ನು ತೆಗೆದುಕೊಂಡ. ಥರ್ಮಾಸಿನಲ್ಲಿ ಉಳಿದಿದ್ದ ಬಿಸಿನೀರನ್ನು ಆ ಕೈಗಳ ಮೇಲೆ ನಿಧಾನವಾಗಿ ಸುರಿದ.

"ನಾ ಹಿಡದೀನಂತ ಯಾರ ಮುಂದೂ ಹೇಳಬ್ಯಾಡ್ರಿ," ಎಂದರು ಅಮರೇಶ್ವರ. "ರಾಯಚೂರು ತನಕ ಸುದ್ದಿ ಹೋಗತದ."

ಮನೆಯಲ್ಲಿ ಆರಿಫಾ ಮೀನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಂಗಡಿಯದಲ್ಲ ಎಂದು ಖಾತ್ರಿಯಾಯಿತು. ಯಾವ ಅಂಗಡಿಯವನೂ ಇದನ್ನು ಮಾರುವ ಧೈರ್ಯ ಮಾಡುತ್ತಿರಲಿಲ್ಲ. ಹುಣಸೆಹುಳಿ ಹಿಂಡಿ ಸಾರಿಗಿಟ್ಟಳು. ಅಮರೇಶ್ವರರಿಗೆ ಬೇರೆ ಪಾತ್ರೆಯಲ್ಲಿ ತೊವ್ವೆ ಮಾಡಿದಳು. ಊಟದ ಹೊತ್ತಿಗೆ ಅನೀಸ್ ಕಥೆ ಶುರುಮಾಡಿದ. ಕೋಲು ಹೇಗೆ ಬಾಗಿತು, ತಾನು ಹೇಗೆ ಎದ್ದು ನಿಂತೆ, ಹೇಗೆ ಮೀನಿಗೆ ಸ್ವಲ್ಪ ಸಡಿಲ ಕೊಟ್ಟು ಆಮೇಲೆ ಎಳೆದೆ. ಆಫೀಸಿನ ಭಾಷಣಗಳು ಕೊನೆಗೂ ಉಪಯೋಗಕ್ಕೆ ಬಂದವು. ಅಮರೇಶ್ವರ ತಲೆ ತಗ್ಗಿಸಿ ತೊವ್ವೆ ಕಲಸುತ್ತಿದ್ದರು.

ಅನ್ನ ಬಡಿಸಲು ಬಗ್ಗಿದ ಆರಿಫಾ ಅಮರೇಶ್ವರರ ಸ್ವೆಟರಿನ ತೋಳನ್ನೇ ಒಂದು ಕ್ಷಣ ನೋಡಿದಳು. ಅಲ್ಲಿ ಮೀನಿನ ಹುರುಪೆಯೊಂದು ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಟಿಶ್ಯೂನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದಳು. ಅನೀಸನ ಕಥೆ ಅರ್ಧಕ್ಕೆ ನಿಂತಿತು.

"ನಿಲ್ಲಿಸಿದ್ಯಾಕೆ, ಹೇಳಿ," ಎಂದಳು. ಅಮರೇಶ್ವರರ ತಟ್ಟೆಗೆ ಇನ್ನೊಂದು ಸೌಟು ತೊವ್ವೆ ಹಾಕಿ, ಗಂಡನ ಕಡೆ ನೋಡದೆ ಮಾತು ಮುಂದುವರಿಸಿದಳು. "ಮುಂದಿನ ವರ್ಷಕ್ಕೆ ಅಣ್ಣನಿಗೆ ಒಂದು ಜೊತೆ ದಪ್ಪ ಗ್ಲೌಸ್ ತಂದಿಡಿ."