ಬಜೆಯಲ್ಲದ ಗಿಡ

ಅಮೆರಿಕದ ಬಾಸ್ಕಿಂಗ್ ರಿಡ್ಜ್‌ನಲ್ಲಿ ಮನೆ ಕೊಂಡ ವರ್ಷವೇ ಹಿತ್ತಿಲಲ್ಲಿ ಸೈಬೀರಿಯನ್ ಐರಿಸ್ ನೆಟ್ಟೆ. ನೀಲಿ ಹೂವು, ಉದ್ದನೆಯ ಕತ್ತಿಯಂಥ ಎಲೆ. ಅದರ ಬೇರು ಒಣಗಬಾರದು, ಪದೇ ಪದೇ ಕಿತ್ತು ಜಾಗ ಬದಲಿಸಬಾರದು, ಅಷ್ಟೇ. ಐಟಿಯ ಆ ಸುಗ್ಗಿಯ ಕಾಲದಲ್ಲಿ ನನ್ನ ಗಂಡ ಮನೆಗೆ ಮಲಗಲು ಮಾತ್ರ ಬರುತ್ತಿದ್ದರು. ನನ್ನ ಪಾಲಿಗೆ ಉಳಿದದ್ದು ಗಿಡ ಮತ್ತು ಮಗ. ಗಿಡ ಹೂ ಬಿಟ್ಟಿತು. ಮಗನಿಗೆ ಮೂರು ತುಂಬಿದರೂ ಮಾತು ಬರಲಿಲ್ಲ.

ಮನೆಯಲ್ಲಿ ಎರಡು ಭಾಷೆ ಬೇಡ, ಇಂಗ್ಲಿಷ್ ಒಂದೇ ಸಾಕು ಎಂದರು ಡಾಕ್ಟರು. ನಮಗೆ ಅದು ವೇದವಾಕ್ಯವಾಯಿತು. ಅದೇ ಬೇಸಿಗೆಯಲ್ಲಿ ಧಾರವಾಡದಿಂದ ಅತ್ತೆ ಬಂದರು. ಅವರಿಗೆ ಇಂಗ್ಲಿಷ್ ಬಾರದು. ಮೊಮ್ಮಗನ ಹತ್ತಿರ ಕನ್ನಡ ಆಡಬೇಡಿ ಎಂದು ಅವರಿಗೆ ಹೇಳಬೇಕಾಯಿತು. ಇಂಥ ಕೆಲಸಗಳೆಲ್ಲ ಸೊಸೆಯ ಪಾಲಿಗೇ ಬರುತ್ತವೆ. ಅತ್ತೆ ವಾದಿಸಲಿಲ್ಲ. ನಾಲಿಗೆ ತಿರುಗಲೆಂದು ಊರಿಂದ ತಂದಿದ್ದ ಬಜೆ ಬೇರನ್ನು ದಿನಾ ಬೆಳಿಗ್ಗೆ ತೇದು, ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ತುಟಿಪಿಟಕ್ಕೆನ್ನದೆ ನೆಕ್ಕಿಸುತ್ತಿದ್ದರು. ತೇದು ತೇದು ಬಜೆ ಮುಗಿಯಿತು. ಬೆಲ್‌ರೋಸ್‌ನ ಇಂಡಿಯನ್ ಅಂಗಡಿಗಳಲ್ಲೂ ಸಿಗಲಿಲ್ಲ.

ಒಂದು ಮಧ್ಯಾಹ್ನ ಮಗನನ್ನು ಸ್ಪೀಚ್ ಥೆರಪಿಯಿಂದ ಕರೆತಂದಾಗ ಮನೆ ಹಿಂದಿನ ಮರದ ಡೆಕ್ ಮೇಲೆ ಪೇಪರ್ ಹಾಸಿತ್ತು. ಅದರ ಮೇಲೆ ನನ್ನ ಐರಿಸ್ ಬುಡಸಮೇತ, ತುಂಡುತುಂಡಾಗಿ, ಬಿಸಿಲಿಗೆ ಬಿದ್ದಿತ್ತು. ಮೈಯೆಲ್ಲ ಉರಿದುಹೋಯಿತು.

“ಏನ್ ಮಾಡಿದ್ರಿ ಅತ್ತೆ! ಇದು ವಿಷ. ಮಗು ಹೊಟ್ಟೆಗೆ ಹೋದ್ರೆ ಗತಿಯೇನು?”

“ಕೊಟ್ಟಿಲ್ಲವ್ವಾ. ಎಲಿ ನೋಡಿ ಬಜಿ ಅಂತ ತಿಳಕೊಂಡೆ. ಮುರದು ಮೂಸಿದ್ರ ಬಜಿ ವಾಸನಿನ ಇಲ್ಲ. ಒಣಗಿದ ಮ್ಯಾಲೆ ಬರ್ತದೇನೋ ಅಂತ ಹಾಕೀನಿ.”

ಒಂದು ತುಂಡು ಎತ್ತಿಕೊಂಡು ನಾನೂ ಮೂಸಿದೆ. ಆ ವಾಸನೆ ಬರಲಿ ಎಂದು ನನಗೂ ಆಸೆಯಾಯಿತು.

ಜೀವ ಉಳಿದಿದ್ದ ಬೇರುಗಳನ್ನು ನೀರಲ್ಲಿ ನೆನೆಸಿ ಮತ್ತೆ ನೆಟ್ಟೆ. ಅತ್ತೆ ವೀಸಾದ ಆರು ತಿಂಗಳು ಮುಗಿಸಿ ಊರಿಗೆ ಹೋದರು. ಗಿಡ ಮುನಿಸಿಕೊಂಡಿತು. ಮರುವರ್ಷ ಬರೀ ಎಲೆ. ಅದರ ಮುಂದಿನ ವರ್ಷ, ಮೇ ಕೊನೆಯಲ್ಲಿ, ಎರಡು ಹೂ ಬಿರಿದವು. ನನಗೆ ಸಂತೋಷವೇನೂ ಆಗಲಿಲ್ಲ. ಅಷ್ಟರಲ್ಲಿ ಮಗನನ್ನು ಸ್ಪೆಷಲ್ ಸ್ಕೂಲಿನ ವ್ಯಾನ್ ಹತ್ತಿಸುವುದು ರೂಢಿಯಾಗಿತ್ತು. ಮನೆಯಲ್ಲಿ ಕನ್ನಡ ಹೋಗಿತ್ತು, ಅವನಿಗೆ ಇಂಗ್ಲಿಷೂ ಬಂದಿರಲಿಲ್ಲ.

ಆದರೂ ಕಾಲಿಂಗ್ ಕಾರ್ಡ್ ಹಾಕಿ ಅತ್ತೆಗೆ ಫೋನ್ ಮಾಡಿದೆ.

“ನೀವು ಕಿತ್ತಿದ್ದ ಗಿಡ ಹೂ ಬಿಟ್ಟಿದೆ ಅತ್ತೆ.”

“ಅದಿರ್ಲಿ. ಅವ ಮಾತಾಡ್ಯಾನೇನ?”

“ಇಲ್ಲ.”

“ಅವನ ಕಿವಿಗೆ ಫೋನ್ ಹಿಡಿ.”

ಹಿಡಿದೆ. ಅಷ್ಟು ದಿನ ತಡೆದಿದ್ದನ್ನೆಲ್ಲ ಅತ್ತೆ ಕನ್ನಡದಲ್ಲಿ ಒಂದೇ ಸಮನೆ ಹೇಳತೊಡಗಿದರು. ನಾನು ಬೇಡ ಎನ್ನಲಿಲ್ಲ. ಮಗ ಅಲ್ಲಾಡದೆ ಕೇಳಿದ. ಕಾರ್ಡಿನ ನಿಮಿಷ ಮುಗಿದು ಲೈನ್ ಕಟ್ಟಾಯಿತು. ಅವನು ಫೋನನ್ನು ನನ್ನ ಕೈಗೆ ಕೊಟ್ಟು, ಏನೂ ಅನ್ನದೆ, ಹೋಗಿ ಟಿವಿ ಮುಂದೆ ಕೂತ.