ಉಸಿರಪ್ಪನ ಕೈ

ಗಡಿಯಾರ ರಿಪೇರಿ ಮಾಡುವವನಿಗೆ ಕಣ್ಣು ಮಂಜಾದರೆ ಕನ್ನಡಕವಿದೆ, ಕೈ ಹೋದರೆ ಏನೂ ಇಲ್ಲ. ಅರವತ್ತೊಂದನೆಯ ವಯಸ್ಸಿಗೆ ಉಸಿರಪ್ಪನನ್ನು ಹಿಡಿದ ಭಯ ಇದೇ. ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಹಳೆಯ ಗಡಿಯಾರಗಳ ಒಳಗೆ ಸಾಸಿವೆಗಿಂತ ಚಿಕ್ಕ ಮಾಣಿಕ್ಯದ ಕಲ್ಲು ಕೂರಿಸುವಾಗ ಉಸಿರು ಬಿಗಿಹಿಡಿದು ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದುದರಿಂದ ಬೀದಿಯವರು ಹೀಗೆ ಕರೆದರು. ಹಾಗೆ ಕರೆದು ನಕ್ಕವರೂ ತಾತನ ಗಡಿಯಾರ ನಿಂತರೆ ಅವನ ಬಾಗಿಲಿಗೇ ಬರುತ್ತಿದ್ದರು.

ಆ ಕಲ್ಲು ಶೋಕಿಗಲ್ಲ. ಚಕ್ರದ ಮೊನೆ ಅದರ ತೂತಿನಲ್ಲಿ ತಿರುಗಬೇಕು. ಬರೀ ಲೋಹದಲ್ಲಿ ತಿರುಗಿದರೆ ಎರಡೂ ಸವೆಯುತ್ತವೆ. ನೂರು ವರ್ಷದ ಗಡಿಯಾರಗಳಲ್ಲಿ ಕಲ್ಲಿಗೊಂದು ಚಿನ್ನದ ಬಳೆ, ಬಳೆಯನ್ನು ಬಿಗಿಯಲು ಉಕ್ಕಿನ ಮೂರು ತಿರುಪು, ಅಂದರೆ ಪುಟ್ಟ ಸ್ಕ್ರೂ. ಈ ತಿರುಪುಗಳನ್ನು ಕಂಡವರಿಗಿಂತ ಕಳೆದುಕೊಂಡವರೇ ಹೆಚ್ಚು ಎಂದು ಅವನೇ ತಮಾಷೆ ಮಾಡುತ್ತಿದ್ದ.

ಒಂದು ತಿಂಗಳಿಂದ ತಮಾಷೆ ನಿಂತಿತ್ತು. ತಿರುಪನ್ನು ಅದರ ಜಾಗದಲ್ಲಿಟ್ಟು ಚಿಮಟ ಸಡಿಲಿಸಿದರೆ ಅದು ಅಲ್ಲಿ ಕೂರುತ್ತಿರಲಿಲ್ಲ, ಸರಕ್ಕನೆ ವಾಲಿ ಹೊರಬೀಳುತ್ತಿತ್ತು. ಮೊದಲು ಬೆಳಕಿನ ಮೇಲೆ ತಪ್ಪು ಹೊರಿಸಿದ, ಆಮೇಲೆ ಕುರ್ಚಿಯ ಮೇಲೆ, ಕೊನೆಗೆ ಕೈಯ ಮೇಲೆ. ಅವನ ಅಪ್ಪನ ಕೈಯೂ ಇದೇ ವಯಸ್ಸಿಗೆ ನಡುಗತೊಡಗಿತ್ತು. ಕೆಲಸ ಬಿಟ್ಟ ಅಪ್ಪ ಏಳು ವರ್ಷ ಕಿಟಕಿಯ ಬಳಿ ಕೂತು, ಬಂದವರ ಮುಖ ಬಿಟ್ಟು ಮಣಿಕಟ್ಟು ನೋಡುತ್ತಾ ದಿನ ನೂಕಿದ್ದ. ಅದನ್ನು ನೆನೆದಾಗಲೆಲ್ಲ ಉಸಿರಪ್ಪ ಯಾರಿಗೂ ಹೇಳದೆ ಬಚ್ಚಲಲ್ಲಿ ಕೈ ಚಾಚಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ಹೆದರಿದವನ ಕೈ ನಡುಗದೆ ಇದ್ದೀತೆ?

ಆ ವಾರ ನಿವೃತ್ತ ನರ್ಸಮ್ಮ ಒಬ್ಬರು ತಾಯಿಯ ಗಡಿಯಾರ ತಂದಿದ್ದರು. ಹದಿನೇಳು ಕಲ್ಲುಗಳಲ್ಲಿ ಒಂದು ಬಿರಿದಿತ್ತು. ಉಸಿರಪ್ಪ ಬದಲಿ ಕಲ್ಲನ್ನು ಉಜ್ಜಿ ಅಳತೆಗೆ ತಂದ, ಬಳೆಯೊಳಗೂ ಕೂರಿಸಿದ. ತಿರುಪು ಮಾತ್ರ ನಾಲ್ಕು ದಿನ ಕಳೆದರೂ ಕೂರಲೊಲ್ಲದು. ಅಂಗಡಿಯ ಅರ್ಧ ಭಾಗದಲ್ಲಿ ಮಗಳು ಬಟ್ಟೆ ಹೊಲಿಯುತ್ತಿದ್ದಳು. ಐದನೆಯ ದಿನ ಬೆಳಿಗ್ಗೆ ಅವನು ಚಿಮಟ ಕೆಳಗಿಟ್ಟು ಅವಳತ್ತ ತಿರುಗಿದ.

“ಇನ್ಮೇಲೆ ಈ ಅರ್ಧಾನೂ ನೀನೇ ಇಟ್ಕೋಮ್ಮ. ನನ್ನ ಕೈ ಹೋಯ್ತು.”

“ಯಾವ ಡಾಕ್ಟರ್ ಹೇಳಿದ್ದು?”

“ಡಾಕ್ಟರ್ ಯಾಕೆ, ತಿರುಪೇ ಹೇಳ್ತಿದೆ.”

ಅಳು ಬಂದಾಗ ಕೆಲಸಕ್ಕೆ ಕೈ ಹಾಕುವುದು ಮಗಳ ಸ್ವಭಾವ. ಯಂತ್ರದಲ್ಲಿ ಸಿಕ್ಕಿಕೊಂಡ ದಾರ ಎಳೆಯಲು ಅಪ್ಪನ ಚಿಮಟವನ್ನೇ ಎತ್ತಿಕೊಂಡಳು. ಬೇರೆ ದಿನವಾಗಿದ್ದರೆ ಅವನು ಹೌಹಾರುತ್ತಿದ್ದ. ದಾರ ಬಂತು, ಬಟ್ಟೆಯ ಮೇಲಿದ್ದ ಗುಂಡುಸೂಜಿಯೂ ಚಿಮಟದ ತುದಿಗೆ ಜೋತುಕೊಂಡು ಬಂತು.

“ಅಪ್ಪ, ಇದು ಸೂಜಿ ಬಿಡ್ತಾನೇ ಇಲ್ಲ ನೋಡು.”

ಅವನು ನೋಡಿದ. “ಸಂಜೆ ನಾನು ಚಿಮಟ ಇಡೋ ಡ್ರಾಯರಲ್ಲಿ ಏನಿಟ್ಟು ಹೋಗ್ತೀಯ ನೀನು?”

“ಸೂಜಿ ತಟ್ಟೆ. ಹೋದ ತಿಂಗಳು ತಗೊಂಡೆನಲ್ಲ, ಮ್ಯಾಗ್ನೆಟ್ ಇರೋದು. ನಿನ್ನ ಚಿಮಟದ ಪಕ್ಕ ಜಾಗ ಇತ್ತು. ಯಾಕೆ?”

ಯಾಕೆಂದರೆ ಆ ತಟ್ಟೆಯ ಗುಣ ಚಿಮಟಕ್ಕೂ ಅಂಟಿತ್ತು, ಚಿಮಟ ಉಕ್ಕಿನ ತಿರುಪನ್ನು ಬಿಡದೆ ಎಳೆದು ತರುತ್ತಿತ್ತು. ಯಾರ ಗಡಿಯಾರ ಬಂದರೂ ಮೊದಲು ದಿಕ್ಸೂಚಿ ಹಿಡಿದು ಅಯಸ್ಕಾಂತ ತಗುಲಿದೆಯೇ ಎಂದು ನೋಡುವ ಮಹಾರಾಯ, ತನ್ನ ಚಿಮಟವನ್ನು ಮಾತ್ರ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಅಂಟಿದ ಅಯಸ್ಕಾಂತದ ಗುಣ ಇಳಿಸುವ ಪುಟ್ಟ ಯಂತ್ರ ಕಪಾಟಿನ ಮೇಲೆ ಧೂಳು ಹಿಡಿದು ಕೂತಿತ್ತು. ಚಿಮಟವನ್ನೂ ತಿರುಪುಗಳನ್ನೂ ಅದರಲ್ಲಿ ಆಡಿಸಿ ತಂದ ಮೇಲೆ ಮೂರೂ ತಿರುಪು ಹೇಳಿದ ಮಾತು ಕೇಳುವ ಮಕ್ಕಳಂತೆ ಕೂತವು. ಮಧ್ಯಾಹ್ನದ ಹೊತ್ತಿಗೆ ಗಡಿಯಾರ ನಡೆಯಿತು. ತಂದೆ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತಾ ಇಬ್ಬರೂ ಕಣ್ಣೊರೆಸಿಕೊಂಡರು.

ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಒದರಿಬಿಟ್ಟ. ಅವಳು ಪೂರ್ತಿ ಕೇಳಿ, ಒಳಗೆ ಹೋಗಿ ಟೀ ತಂದಳು. ಲೋಟ ಅಂಚಿನವರೆಗೂ ತುಂಬಿತ್ತು.

“ಇಷ್ಟು ದಿನ ನೀನು ಅರ್ಧ ಲೋಟ ಕೊಡ್ತಿದ್ದೆ ಅಲ್ವಾ?” ಅವನಿಗೆ ಆಗ ಹೊಳೆಯಿತು.

“ಚೆಲ್ಲಿದ್ರೆ ನೀವು ನೊಂದ್ಕೋತಿದ್ರಿ,” ಎಂದಳು ಅವಳು, ಪಕ್ಕದಲ್ಲಿ ಕೂರುತ್ತಾ.

ಉಸಿರಪ್ಪನ ಕೈ ಆಗ ನಿಜವಾಗಿಯೂ ನಡುಗಿ ಟೀ ಅಂಗಿಯ ಮೇಲೆಲ್ಲ ಚೆಲ್ಲಿತು. ಒರೆಸಲು ಇಬ್ಬರೂ ಏಳಲಿಲ್ಲ.