ಡೈರಿಯ ಕಂಪ್ಯೂಟರ್ ಕೇಳಿದ ಕ್ಷಮೆ

ವಿಜಯಪುರದ ಪಕ್ಕದ ಹಳ್ಳಿಯ ಹಾಲಿನ ಡೈರಿಗೆ ನಾನು ಬರೆದುಕೊಟ್ಟಿದ್ದ ಸಾಫ್ಟ್‌ವೇರ್, ಹೊಸ ಆವೃತ್ತಿ ಹಾಕಿದ ಮರುದಿನವೇ ನಿಂತುಹೋಯಿತು. ಸುದ್ದಿ ತಿಳಿದು ನಾನು ಓಡಿಹೋದಾಗ ಹಾಲಿನ ಕ್ಯಾನು ಹಿಡಿದವರ ಸಾಲು ರಸ್ತೆಗೆ ಬಂದಿತ್ತು. ಪರದೆಯ ಮೇಲೆ ಒಂದೇ ಮಾತು: 'ಕ್ಷಮಿಸಿ, ಏನೋ ತೊಂದರೆಯಾಗಿದೆ.'

"ಹಳೇದಾದ್ರೆ, 'ತೂಕದ ಮಿಷನ್ ವೈರು ಬಿಟ್ಕೊಂಡೈತೆ' ಅಂತ ಹೇಳ್ತಿತ್ತು. ನಾನೇ ಸಿಗಿಸ್ಕೊಳ್ತಿದ್ದೆ," ಎಂದರು ಡೈರಿಯ ಕಾರ್ಯದರ್ಶಿ ಅಕ್ಕ.

ನೋಡಿದರೆ ಈಗಲೂ ಅದೇ ವೈರು ಬಿಟ್ಟುಕೊಂಡಿತ್ತು. ಸಿಗಿಸಿ, ಕೋಡ್ ತೆರೆದೆ. ಹೊಸ ಆವೃತ್ತಿಯಲ್ಲಿ, ಒಳಗಿನಿಂದ ಬಂದ ದೋಷದ ಸಂದೇಶವನ್ನು ಹಿಡಿದು, ಅದರ ಮೂಲ ಕಾರಣವನ್ನು ಬಿಸಾಡಿ, ಬರೀ ಆ ಸಭ್ಯ ವಾಕ್ಯವನ್ನು ಮುಂದೆ ಕಳಿಸಿದ್ದೆ. ಬರೆದವನು ನಾನೇ, ದರಿದ್ರದವನು!

"ಏನಾಗಿತ್ತಪ್ಪಾ?" ಅಕ್ಕ ಕೇಳಿದರು.

"ಕ್ಷಮಿಸಿ ಅಕ್ಕ, ಏನೋ ತೊಂದರೆಯಾಗಿತ್ತು."

ಅವರು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಓ, ಇದಕ್ಕೆ ಮಾತು ಕಲಿಸಿದ್ದು ನೀನೇನಾ!"